ತಳಘರ: ಸಾಮಾನಿಗೆ ಸೈ, ಸಂಸಾರಕ್ಕೆ ಅಲ್ಲ

ಟೈಲ್ಸ್ ಹಾಕಲು ಪರವಾನಗಿ ಬೇಡ, ಮನುಷ್ಯರನ್ನು ಇಳಿಸಲು ಬೇಕು. ಗಡಿಭಾಗದ ಮನೆ ಮಾಲೀಕರು ತಿಳಿಯಬೇಕಾದ ಲೆಕ್ಕ

ಸೊಲ್ಲಾಪುರ: ಮೇಲೆ ಜಾಗ ಸಾಲದಾದಾಗ ನೆಲದ ಕೆಳಗೆ ಇಳಿಯುವುದು ಈ ಭಾಗಕ್ಕೆ ಹೊಸದಲ್ಲ. ಜೋಳ ತುಂಬಲು ಹಗೇವು ತೋಡಿದವರು ನಮ್ಮ ಹಿರಿಯರು. ಈಗ ಹಗೇವಿನ ಜಾಗಕ್ಕೆ ಆರ್‌ಸಿಸಿ ತಳಘರ ಬಂದಿದೆ. ನಕಾಶೆಯಲ್ಲಿ ಅದು ಸಾಮಾನಿನ ಕೋಣೆ ಇಲ್ಲವೇ ಗಾಡಿ ನಿಲ್ಲಿಸುವ ಜಾಗ. ವಾಸ್ತುಶಾಂತಿ ಮುಗಿದು ವರ್ಷ ಕಳೆಯುವುದರೊಳಗೆ ಅಲ್ಲಿಗೆ ಟೈಲ್ಸ್ ಬರುತ್ತವೆ, ಪಂಖಾ ಬರುತ್ತದೆ, ಕೊನೆಗೆ ಬಾಡಿಗೆದಾರರೂ ಬರುತ್ತಾರೆ. 'ನೆಲದ ಕೆಳಗಿಂದು ಯಾರ ನೋಡ್ತಾರ ಬಿಡ್ರಿ' ಎಂಬ ಮಾತು ಓಣಿ ಓಣಿಯಲ್ಲಿ ಕೇಳಿಬರುತ್ತದೆ.

ನೋಡುವವರು ಇಲ್ಲ ಎಂಬುದು ನಿಜವೇ ಇರಬಹುದು. ಆದರೆ ಮಳೆನೀರು ನೋಡುತ್ತದೆ, ಬೆಂಕಿ ನೋಡುತ್ತದೆ, ಮನೆ ಮಾರುವಾಗ ಬ್ಯಾಂಕಿನ ವಕೀಲ ನೋಡುತ್ತಾನೆ. ಹೀಗಾಗಿ ತಳಘರದ ಕೆಲಸಕ್ಕೆ ಕೈ ಹಾಕುವ ಮುಂಚೆ, ಇಲ್ಲವೇ ಇದ್ದ ತಳಘರವನ್ನು ಕೋಣೆ ಮಾಡುವ ಮುಂಚೆ, ಕಾನೂನು ಏನನ್ನು ಕೇಳುತ್ತದೆ ಮತ್ತು ಯಾಕೆ ಕೇಳುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಯಾಕೆ ಬೇಕು ತಳಘರ?

ಬೇಡಿಕೆಗೆ ಕಾರಣಗಳಿವೆ. ಸೊಲ್ಲಾಪುರದ ಬೇಸಿಗೆ 43-44 ಡಿಗ್ರಿಗೆ ಏರಿದಾಗ ಪತ್ರಾಸಿನ ಮನೆಯಲ್ಲಿ ಕೂಡ್ರಲು ಆಗುವುದಿಲ್ಲ. ತಳಘರ ತಂಪು. ಊರಿನಲ್ಲಿ ಪ್ಲಾಟು ಸಣ್ಣವು, ಅಣ್ಣತಮ್ಮಂದಿರ ಸಂಸಾರ ದೊಡ್ಡವು. ಚಾದರ, ಟಾವೆಲ್, ರೆಡಿಮೇಡ್ ಯುನಿಫಾರ್ಮಿನ ಊರಾದ್ದರಿಂದ ಮನೆಯಲ್ಲೇ ಹೊಲಿಗೆ ಮಷೀನು ಹಾಕಿಕೊಂಡವರು ಬಹಳ. ನೂಲಿನ ಗಂಟು, ಬಟ್ಟೆಯ ತಾನು ಇಡಲು ಜಾಗ ಬೇಕೇ ಬೇಕು.

ಅಕ್ಕಲಕೋಟದ ಕತೆ ಸ್ವಲ್ಪ ಬೇರೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರ, ಗುರುಪೂರ್ಣಿಮೆ, ದತ್ತ ಜಯಂತಿಗೆ ಬರುವ ಭಕ್ತರಿಗೆ ಇಳಿಯಲು ಕೋಣೆ ಬೇಕು. ಗುಡಿಯ ಸುತ್ತಿನ ಜಾಗದ ಬೆಲೆ ನೋಡಿದರೆ ನೆಲದ ಕೆಳಗಿನ ಹತ್ತಡಿಯೂ ದುಡ್ಡು ತರುವ ಜಾಗವಾಗಿ ಕಾಣುತ್ತದೆ. ಕೋಣೆ ಸಿಗದ ದಿನ ತಳಘರದಲ್ಲಿ ಹಾಸಿಗೆ ಹಾಸಿಕೊಡುವ ಮನಸ್ಸು ಯಾರಿಗಾದರೂ ಬಂದೀತು.

ಕಾಯ್ದೆಯ ಕಣ್ಣಿಗೆ 'ಕೆಳಗೆ' ಸಹ ಕಾಣುತ್ತದೆ

ಮಹಾರಾಷ್ಟ್ರದಲ್ಲಿ ಮನೆ ಕಟ್ಟುವುದಕ್ಕೆ ಮೂಲ ಕಾಯ್ದೆ 1966ರ ಪ್ರಾದೇಶಿಕ ಮತ್ತು ನಗರ ಯೋಜನೆ ಕಾಯ್ದೆ. ಕಚೇರಿಗಳಲ್ಲಿ ಇದನ್ನು 'ಎಂಆರ್‌ಟಿಪಿ' ಎನ್ನುತ್ತಾರೆ. ಇದರಲ್ಲಿ 'ಅಭಿವೃದ್ಧಿ' ಎಂಬ ಪದದ ಅರ್ಥವನ್ನು ಬಿಡಿಸಿ ಹೇಳಿದೆ. ನೆಲದ ಒಳಗೆ, ಮೇಲೆ, ಕೆಳಗೆ ಮಾಡುವ ಬಾಂಧಕಾಮವೂ ಅಭಿವೃದ್ಧಿ. ಕಟ್ಟಡದ ಉಪಯೋಗದಲ್ಲಿ ದೊಡ್ಡ ಬದಲಾವಣೆ ಮಾಡುವುದೂ ಅಭಿವೃದ್ಧಿ. ಇವೆರಡಕ್ಕೂ ಮುಂಚಿತವಾಗಿ ಪರವಾನಗಿ ಬೇಕು.

ಇಲ್ಲೇ ಜನ ತಪ್ಪು ತಿಳಿಯುವುದು. ಮನೆಯ ಒಳಗಷ್ಟೇ ಮಾಡುವ ದುರಸ್ತಿ, ಸುಧಾರಣೆಗೆ ಇದೇ ಕಾಯ್ದೆಯ 43ನೇ ಕಲಮಿನಲ್ಲಿ ರಿಯಾಯಿತಿ ಇದೆ. ಅಂದರೆ ಮಂಜೂರಾದ ತಳಘರಕ್ಕೆ ಗಿಲಾವು ಮಾಡಿ, ಬಣ್ಣ ಹಚ್ಚಿ, ಫರಸಿ ಹಾಸಿದರೆ ಯಾರೂ ಕೇಳುವಂತಿಲ್ಲ. ಆದರೆ ಸಾಮಾನಿನ ಕೋಣೆ ಎಂದು ಮಂಜೂರಾದದ್ದನ್ನು ಮಲಗುವ ಕೋಣೆ, ಟ್ಯೂಷನ್ ಕ್ಲಾಸು, ಕಾರಖಾನೆ ಮಾಡಿದರೆ ಅದು ಒಳಗಿನ ದುರಸ್ತಿಯಾಗಿ ಉಳಿಯುವುದಿಲ್ಲ, ಉಪಯೋಗದ ಬದಲಾವಣೆ ಆಗುತ್ತದೆ. ಟೈಲ್ಸಿಗೆ ಪರವಾನಗಿ ಬೇಡ. ಆ ಟೈಲ್ಸಿನ ಮೇಲೆ ಯಾರು ಮಲಗುತ್ತಾರೆ ಎಂಬುದಕ್ಕೆ ಬೇಕು.

ಮೊದಲು ಊರಿಗೊಂದು ನಿಯಮ ಇತ್ತು. ಮಹಾನಗರಪಾಲಿಕೆಗೆ ಒಂದು, ನಗರ ಪರಿಷತ್ತಿಗೆ ಇನ್ನೊಂದು. 2020ರ ಡಿಸೆಂಬರ್‌ನಲ್ಲಿ ಮುಂಬಯಿ ಮತ್ತು ಕೆಲವು ವಿಶೇಷ ಪ್ರದೇಶ ಬಿಟ್ಟು ರಾಜ್ಯಕ್ಕೆಲ್ಲ ಒಂದೇ ಏಕೀಕೃತ ನಿಯಮಾವಳಿ ಬಂತು. ಸೊಲ್ಲಾಪುರ ಮಹಾನಗರಪಾಲಿಕೆ, ಅಕ್ಕಲಕೋಟ ನಗರ ಪರಿಷತ್ತು ಎರಡೂ ಇದರ ಅಡಿಯಲ್ಲಿವೆ. 150 ಚದರ ಮೀಟರ್, ಅಂದರೆ ಸುಮಾರು 1,600 ಚದರ ಅಡಿ ತನಕದ ಸಣ್ಣ ಪ್ಲಾಟಿನವರಿಗೆ ಇದರಲ್ಲಿ ದೊಡ್ಡ ಸವಲತ್ತು ಕೊಡಲಾಗಿದೆ. ಪರವಾನಾ ಪಡೆದ ತಾಂತ್ರಿಕ ವ್ಯಕ್ತಿಯ ಸಹಿ ಇರುವ ನಕಾಶೆ ಸಲ್ಲಿಸಿ ಶುಲ್ಕ ಕಟ್ಟಿದರೆ ಆ ಪಾವತಿಯೇ ಪರವಾನಗಿ. 300 ಚದರ ಮೀಟರ್ ತನಕ ಹತ್ತು ದಿನದೊಳಗೆ ಪರವಾನಗಿ ಕೊಡಬೇಕು. ಆದರೆ ಸವಲತ್ತು ಇರುವುದು ಕಚೇರಿಗೆ ಅಲೆಯುವುದನ್ನು ತಪ್ಪಿಸಲು. ನಕಾಶೆಯಲ್ಲಿ ಇಲ್ಲದ ತಳಘರವನ್ನು ಆ ಪಾವತಿಯ ಬಲದ ಮೇಲೆ ತೋಡಲು ಅಲ್ಲ.

ಚಾಪೆಯ ಲೆಕ್ಕ

ತಳಘರದ ಮೇಲೆ ಇಷ್ಟು ಕಟ್ಟುಪಾಡು ಯಾಕೆ? ಉತ್ತರ ಎಫ್‌ಎಸ್‌ಐ ಲೆಕ್ಕದಲ್ಲಿದೆ. ಮರಾಠಿಯಲ್ಲಿ ಇದಕ್ಕೆ 'ಚಟಈ ಕ್ಷೇತ್ರ ನಿರ್ದೇಶಾಂಕ' ಎನ್ನುತ್ತಾರೆ. ಚಟಈ ಅಂದರೆ ಚಾಪೆ. ನಿಮ್ಮ ಪ್ಲಾಟಿನಲ್ಲಿ ಒಟ್ಟು ಎಷ್ಟು ಚಾಪೆ ಹಾಸಬಹುದು ಎಂಬ ಲೆಕ್ಕ ಎಂದು ತಿಳಿದರೆ ಸಾಕು. ಆ ಓಣಿಯ ನೀರು, ಗಟಾರ, ರಸ್ತೆ ಎಷ್ಟು ಜನರನ್ನು ತಾಳಬಲ್ಲವು ಎಂಬುದರ ಮೇಲೆ ಈ ಲೆಕ್ಕ ನಿಂತಿದೆ.

ಗಾಡಿ ನಿಲ್ಲಿಸಲು, ಮನೆ ಸಾಮಾನು ಇಡಲು, ಯಂತ್ರೋಪಕರಣ ಇಡಲು ಮಾಡಿದ ತಳಘರವನ್ನು ಈ ಚಾಪೆಯ ಲೆಕ್ಕದಿಂದ ಬಿಟ್ಟಿದ್ದಾರೆ. ಬಿಟ್ಟದ್ದು ಯಾಕೆಂದರೆ ಅಲ್ಲಿ ಜನ ಇರುವುದಿಲ್ಲ ಎಂಬ ಭರವಸೆಯ ಮೇಲೆ. ಹೀಗೆ ಪುಕ್ಕಟೆ ಸಿಕ್ಕ ಜಾಗದಲ್ಲಿ ಜನರನ್ನು ಇಟ್ಟರೆ ಆ ಭರವಸೆ ಮುರಿದಂತೆ. ಮಾಲೀಕನಿಗೆ ಒಂದು ಕೋಣೆ ಲಾಭ ಅನಿಸಿದರೂ ಲೆಕ್ಕದ ಪ್ರಕಾರ ಅದು ಮಂಜೂರಾತಿ ಮೀರಿದ ಬಾಂಧಕಾಮ. 'ಖಾಲಿ ಬಿದ್ದದ, ಉಪಯೋಗ ಮಾಡಿಕೊಂಡ್ರ ತಪ್ಪೇನು' ಎನ್ನುವವರಿಗೆ ಇದೇ ಉತ್ತರ: ಖಾಲಿ ಇರಲಿ ಎಂದೇ ಅದನ್ನು ಕೊಟ್ಟದ್ದು.

ಅಳತೆ ಏನು, ಗಾಳಿ ಎಷ್ಟು?

ಮಂಜೂರಾದ ಉಪಯೋಗಕ್ಕೇ ಆದರೂ ತಳಘರವನ್ನು ಹೇಗೆಂದರೆ ಹಾಗೆ ಕಟ್ಟುವಂತಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಮುಖ್ಯ ಅಳತೆಗಳು ಹೀಗಿವೆ. ನೆಲದಿಂದ ಮೇಲಿನ ಸ್ಲ್ಯಾಬಿನ ತಳಕ್ಕೆ ಕನಿಷ್ಠ 2.4 ಮೀಟರ್, ಅಂದರೆ ಹೆಚ್ಚುಕಡಿಮೆ ಎಂಟಡಿ ಎತ್ತರ ಬೇಕು. ತಳಘರದ ಛಾವಣಿ ಸುತ್ತಲಿನ ನೆಲಕ್ಕಿಂತ 0.9 ಮೀಟರ್‌ನಿಂದ 1.2 ಮೀಟರ್, ಅಂದರೆ ಮೂರರಿಂದ ನಾಲ್ಕು ಅಡಿ ಮೇಲೆ ಬರಬೇಕು. ಯಂತ್ರದಿಂದ ಗಾಳಿ ಆಡಿಸುವ ವ್ಯವಸ್ಥೆ ಇದ್ದಲ್ಲಿ ಮಾತು ಬೇರೆ. ಮೇಲೆ ಬಂದ ಆ ಮೂರಡಿಯಲ್ಲೇ ಗಾಳಿ-ಬೆಳಕಿನ ಕಿಂಡಿಗಳು ಬರುವುದು. ಕಿಂಡಿ ಸಾಲದಿದ್ದರೆ 50 ಚದರ ಮೀಟರಿಗೆ ಒಂದರಂತೆ ಎಕ್ಸಾಸ್ಟ್ ಪಂಖಾ ಬೇಕು. ರಸ್ತೆ-ಅಂಗಳದ ನೀರು ಒಳಗೆ ಇಳಿಯದಂತೆ ಏರ್ಪಾಡು ಬೇಕು. ಗೋಡೆ, ನೆಲ ನೀರು ಜಿನುಗದಂತಿರಬೇಕು. ಗಟಾರದ ನೀರು ತಿರುಗಿ ಬರುವ ಸಂಭವ ಇದ್ದಲ್ಲಿ ಅಡಿಗೆಮನೆ, ಬಚ್ಚಲು, ಪಾಯಖಾನೆ ಕೆಳಗೆ ಮಾಡುವಂತಿಲ್ಲ.

ಮೇಲಿನ ಮಜಲಿಗೆ ಹೋಗುವ ಜಿನೆಯೂ ತಳಘರದ ಜಿನೆಯೂ ಬೇರೆ ಬೇರೆ ಇರಬೇಕು, ಇಲ್ಲವೇ ನಡುವೆ ಬೆಂಕಿ-ಹೊಗೆ ತಡೆಯುವ ಗೋಡೆ-ಬಾಗಿಲು ಇರಬೇಕು ಎಂಬುದು ಇನ್ನೊಂದು ಮಾತು. ಕೆಳಗೆ ಬೆಂಕಿ ಬಿದ್ದರೆ ಹೊಗೆ ಏರುವುದು ಜಿನೆಯಿಂದಲೇ. ಮೇಲಿನವರು ಇಳಿದು ಬರಬೇಕಾದದ್ದೂ ಅದೇ ಜಿನೆಯಿಂದ.

ಇದನ್ನು ನಮ್ಮ ಹಿರಿಯರಿಗೆ ಯಾರೂ ಪುಸ್ತಕ ಓದಿ ಹೇಳಬೇಕಾಗಿರಲಿಲ್ಲ. ಹಗೇವು ತೆಗೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಗಾಳಿ ಆಡಲು ಕೊಟ್ಟು, ದೀಪ ಇಳಿಬಿಟ್ಟು ಅದು ಆರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಆಳು ಇಳಿಯುತ್ತಿದ್ದ. ನೆಲದ ಕೆಳಗೆ ಗಾಳಿ ತಾನಾಗಿ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಇಂದಿನ ತಳಘರದಲ್ಲಿ ಇನ್ವರ್ಟರ್ ಬ್ಯಾಟರಿ, ಜನರೇಟರ್, ಗ್ಯಾಸ್ ಸಿಲಿಂಡರ್ ಇಟ್ಟು ಬಾಗಿಲು ಹಾಕಿಕೊಂಡು ಮಲಗುವವರು ಆ ಬುದ್ಧಿಯನ್ನು ಮರೆತಂತಿದೆ. ಅಡಿಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೊದಲು ಹೋಗಿ ಕೂಡ್ರುವುದು ತಗ್ಗಿನಲ್ಲೇ.

ಎರೆ ಮಣ್ಣಿನ ಸ್ವಭಾವ

ಈ ಭಾಗದ ಮಣ್ಣಿನ ಮಾತು ಬೇರೆ. ಮೇಲೆ ಎರೆ, ಕೆಳಗೆ ಮುರುಮ, ಅದರ ಕೆಳಗೆ ಕರಿಕಲ್ಲು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಅದೇ ಮಣ್ಣು ತಳಘರದ ಗೋಡೆಯನ್ನು ಪ್ರತಿ ಮಳೆಗಾಲದಲ್ಲಿ ಒಳಗೆ ತಳ್ಳುತ್ತದೆ. ಮೇಲಿನ ಮಜಲಿನ ಗೋಡೆಯಂತೆ ಬರೀ ಇಟ್ಟಿಗೆಯಿಂದ ಕಟ್ಟಿದ ತಳಘರದ ಗೋಡೆ ಈ ಒತ್ತಡ ತಾಳಲಾರದು. ಆರ್‌ಸಿಸಿ ಗೋಡೆ, ಅದರ ಹೊರಗೆ ಜಲನಿರೋಧಕ ಲೇಪ, ಹಿಂದೆ ಎರೆ ಬದಲು ಮುರುಮ ಅಥವಾ ಖಡಿ ತುಂಬಿ ನೀರು ಹರಿದುಹೋಗಲು ದಾರಿ ಬೇಕು. ಇದನ್ನು ಗವಂಡಿಯ ಅಂದಾಜಿಗೆ ಬಿಡುವಂತಿಲ್ಲ, ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು. ಒಳಗಿನಿಂದ ಬಣ್ಣ ಬಳಿದು ಓಲಿ ಮುಚ್ಚಿದರೆ ಮುಂದಿನ ಮೃಗ ನಕ್ಷತ್ರದ ತನಕ ಮಾತ್ರ ಬಂದೋಬಸ್ತು.

ನಳದ ನೀರು ದಿನಗಳ ಅಂತರದಲ್ಲಿ ಬಂದು ರೂಢಿಯಾದ ಸೊಲ್ಲಾಪುರದಲ್ಲಿ ಮನೆಮನೆಗೆ ನೆಲದೊಳಗಿನ ನೀರಿನ ಟಾಕಿ ಇದೆ. ತಳಘರದ ಗೋಡೆಗೆ ತಾಗಿಯೇ ಟಾಕಿ ಇದ್ದರೆ ಬೇಸಿಗೆಯಲ್ಲೂ ಓಲಿ ತಪ್ಪದು. ನಕಾಶೆ ಮಾಡಿಸುವಾಗಲೇ ಇವೆರಡನ್ನೂ ದೂರ ಇಡಿಸಿಕೊಳ್ಳುವುದು ಜಾಣತನ.

ಇನ್ನು ಮಗ್ಗುಲ ಮನೆಯವರ ಹಕ್ಕು. ನಮ್ಮ ಜಾಗದಲ್ಲಿ ನಾವು ಎಷ್ಟು ಆಳ ತೋಡಿದರೇನು ಎನ್ನುವಂತಿಲ್ಲ. ತನ್ನ ನೆಲಕ್ಕೆ ಪಕ್ಕದ ನೆಲದ ಸಹಜ ಆಸರೆ ಪಡೆಯುವ ಹಕ್ಕು ಪ್ರತಿ ಮಾಲೀಕನಿಗೂ ಇದೆ ಎಂದು 1882ರ ಭಾರತೀಯ ಸುಖಭೋಗ ಹಕ್ಕುಗಳ ಕಾಯ್ದೆ ಹೇಳುತ್ತದೆ. ಹಳೆ ಪೇಠಗಳಲ್ಲಿ ಮಣ್ಣಿನ ಗೋಡೆಯ ವಾಡೆಗಳು ಒಂದಕ್ಕೊಂದು ಆತು ನಿಂತಿವೆ. ಅಲ್ಲಿ ಜೆಸಿಬಿ ಹಚ್ಚಿ ಹತ್ತಡಿ ತೆಗೆದರೆ ಮೊದಲು ಬೀಳುವುದು ಪಕ್ಕದವರ ಗೋಡೆ. ಅಗೆದ ಮುರುಮವನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ಸಾಗಿಸುವ ಮುಂಚೆ ಗೌಣ ಖನಿಜದ ಪರವಾನಗಿ ಬಗ್ಗೆ ತಹಸೀಲ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದನ್ನೂ ಮರೆಯಬಾರದು.

ಬಾರಿಸಿದ ಎಚ್ಚರಿಕೆಯ ಗಂಟೆಗಳು

ಇದೆಲ್ಲ ಕಾಗದದ ಹೆದರಿಕೆ ಎನ್ನುವವರು ಈಚಿನ ಘಟನೆಗಳನ್ನು ನೆನೆಯಬೇಕು. 2024ರ ಜುಲೈ 27ರಂದು ದಿಲ್ಲಿಯ ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಕೇಂದ್ರವೊಂದರ ತಳಘರಕ್ಕೆ ಮಳೆನೀರು ನುಗ್ಗಿ ಐಎಎಸ್ ಪರೀಕ್ಷೆಗೆ ಓದುತ್ತಿದ್ದ ಮೂವರು ಪ್ರಾಣ ಕಳೆದುಕೊಂಡರು. ಆ ತಳಘರ ಮಂಜೂರಾದದ್ದು ಸಾಮಾನು ಮತ್ತು ಪಾರ್ಕಿಂಗಿಗೆ. ನಡೆಯುತ್ತಿದ್ದದ್ದು ಗ್ರಂಥಾಲಯ. ಕಾಗದಕ್ಕೂ ಉಪಯೋಗಕ್ಕೂ ಇದ್ದ ಆ ಅಂತರವೇ ಮೂರು ಮಕ್ಕಳನ್ನು ನುಂಗಿತು. 2025ರ ಮೇ ತಿಂಗಳ ಮಳೆಗೆ ಬೆಂಗಳೂರಿನ ಬಿಟಿಎಂ ಬಡಾವಣೆಯ ಭಾಗದಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ನೀರು ಹೊರಹಾಕುವಾಗ ಕರೆಂಟ್ ತಗುಲಿ ಇಬ್ಬರು ಸತ್ತರು. ಅವರಲ್ಲಿ ಒಬ್ಬ ಬಾಲಕ. ಪುಣೆಯ ಕೊಂಢವಾದಲ್ಲಿ 2019ರ ಜೂನ್ 29ರಂದು ಬಾಂಧಕಾಮದ ಜಾಗದ ಪಕ್ಕದ ಆವರಣ ಗೋಡೆ ಕೂಲಿಕಾರರ ಗುಡಿಸಲುಗಳ ಮೇಲೆ ಬಿದ್ದು 15 ಜನ ಸತ್ತದ್ದನ್ನೂ ಮರೆಯುವಂತಿಲ್ಲ.

ನಮ್ಮ ಊರಿನದೇ ಉದಾಹರಣೆ ಬೇಕೆಂದರೆ 2025ರ ಮೇ 18ರ ಬೆಳಗಿನ ಜಾವ. ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಟಾವೆಲ್ ಕಾರಖಾನೆಗೆ ಬೆಂಕಿ ಬಿದ್ದು ಮಾಲೀಕರ ಕುಟುಂಬದವರು, ಕೆಲಸಗಾರರು ಸೇರಿ ಎಂಟು ಜನ ಬಲಿಯಾದರು. ಅದು ತಳಘರದ ಘಟನೆ ಅಲ್ಲ. ಆದರೆ ನೂಲು ಇದ್ದಲ್ಲೇ ಜನ ಮಲಗಿದರೆ ಏನಾಗುತ್ತದೆ ಎಂಬುದನ್ನು ಇಡೀ ಸೊಲ್ಲಾಪುರ ಅಂದು ನೋಡಿತು. ತಳಘರದಲ್ಲಿ ಬಟ್ಟೆಯ ತಾನು ತುಂಬಿ ಅದರ ಮೇಲೆ ಸಂಸಾರ ಮಾಡುವವರು ಈ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ತಳಘರದಲ್ಲಿ ಸುಲಭವಾಗಿ ಬೆಂಕಿ ಹಿಡಿಯದ ಸಾಮಾನು ಮಾತ್ರ ಇಡಬೇಕು ಎಂದು ಸಂಹಿತೆ ಹೇಳುವುದು ಇದಕ್ಕೇ.

ಬರಗಾಲದ ನಾಡು, ಇಲ್ಲಿ ನೀರು ಎಲ್ಲಿಂದ ಬರಬೇಕು ಎಂಬ ಮಾತೂ ಈಗ ಉಳಿದಿಲ್ಲ. 2020ರ ಅಕ್ಟೋಬರ್ ಮಳೆಗೆ ಬೋರಿ ನದಿ ಉಕ್ಕಿ ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅಂದಿನ ಮುಖ್ಯಮಂತ್ರಿ ಉದ್ಧವ ಠಾಕ್ರೆ ಅದೇ ತಿಂಗಳ 19ರಂದು ತಾಲೂಕಿಗೆ ಬಂದು ಹಾನಿ ನೋಡಿ ಹೋಗಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿಯ ಮಹಾಪೂರ ಜಿಲ್ಲೆಯನ್ನೇ ನಡುಗಿಸಿತು. ವರ್ಷದ ಮಳೆ ಕಡಿಮೆ ಇರಬಹುದು. ಆದರೆ ಬಂದಾಗ ಒಂದೇ ರಾತ್ರಿಯಲ್ಲಿ ಬರುತ್ತದೆ. ತಳಘರ ತುಂಬಲು ಒಂದು ರಾತ್ರಿ ಸಾಕು.

ಕರ ಕಟ್ಟಿದರೆ ಮುಗಿಯಿತೇ?

'ಘರಪಟ್ಟಿ ಕಟ್ಟತೀವಿ, ಲೈಟಿನ ಬಿಲ್ಲು ಅದ, ಮತ್ತೇನ ಬೇಕು?' ಇದು ಬಹಳ ಕಡೆ ಕೇಳುವ ಪ್ರಶ್ನೆ. ಕರದ ಪಾವತಿ ಬೇರೆ, ಬಾಂಧಕಾಮ ಪರವಾನಗಿ ಬೇರೆ. ಅನಧಿಕೃತ ಬಾಂಧಕಾಮಕ್ಕೆ 'ಶಾಸ್ತಿ' ಎಂಬ ದಂಡದ ಕರ ಹಾಕಲು ಮಹಾನಗರಪಾಲಿಕೆ ಕಾಯ್ದೆಯಲ್ಲಿ ಅವಕಾಶ ಇದೆ. ಅದನ್ನು ಕಟ್ಟಿದರೂ ಕಟ್ಟಡ ಅಧಿಕೃತ ಆಗುವುದಿಲ್ಲ. ಎಂಆರ್‌ಟಿಪಿ ಕಾಯ್ದೆಯಡಿ ನೋಟೀಸು ಕೊಟ್ಟು ಕೆಡವಲು, ಮೊಕದ್ದಮೆ ಹೂಡಲು ಅಧಿಕಾರ ಉಳಿದೇ ಇರುತ್ತದೆ.

ಸುಪ್ರೀಂ ಕೋರ್ಟು ಈಚೆಗೆ ಎರಡು ಮಾತು ಸ್ಪಷ್ಟ ಮಾಡಿದೆ. 2024ರ ನವೆಂಬರ್ 13ರ ತೀರ್ಪಿನ ಪ್ರಕಾರ ಮನೆ ಕೆಡವುವ ಮುಂಚೆ 15 ದಿನದ ನೋಟೀಸು ಕೊಡಬೇಕು, ಮಾಲೀಕನ ಮಾತು ಕೇಳಬೇಕು. ರಸ್ತೆಯಂಥ ಸಾರ್ವಜನಿಕ ಜಾಗದ ಅತಿಕ್ರಮಣಕ್ಕೆ ಈ ರಕ್ಷಣೆ ಇಲ್ಲ. ಅದೇ ವರ್ಷದ ಡಿಸೆಂಬರ್ 17ರ ಇನ್ನೊಂದು ತೀರ್ಪು, ಬಹಳ ವರ್ಷ ಆಯಿತು, ಖರ್ಚು ಬಹಳ ಆಗಿದೆ, ಅಧಿಕಾರಿಗಳು ಸುಮ್ಮನಿದ್ದರು ಎಂಬ ಕಾರಣಕ್ಕೆ ಅನಧಿಕೃತ ಬಾಂಧಕಾಮ ಅಧಿಕೃತ ಆಗದು ಎಂದಿತು. ಬ್ಯಾಂಕುಗಳು ಪೂರ್ಣತೆಯ, ವಾಸದ ಪ್ರಮಾಣಪತ್ರ ನೋಡಿಯೇ ಸಾಲ ಕೊಡಬೇಕೆಂದೂ ಹೇಳಿತು. ಮೊದಲ ತೀರ್ಪು ಮಾಲೀಕನಿಗೆ ವೇಳೆ ಕೊಡುತ್ತದೆ, ಎರಡನೆಯದು ನೆಪ ಕಸಿದುಕೊಳ್ಳುತ್ತದೆ.

ಮರಾಠಿ ಅರ್ಜಿ, ಕನ್ನಡ ಮಾಲೀಕ

ಗಡಿಭಾಗದ ಕನ್ನಡಿಗರಿಗೆ ಇಲ್ಲೊಂದು ಬೇರೆಯೇ ತೊಡಕು. ಅರ್ಜಿ, ನೋಟೀಸು, ಮಂಜೂರಾತಿಯ ಷರತ್ತು ಎಲ್ಲ ಮರಾಠಿ ಇಲ್ಲವೇ ಇಂಗ್ಲಿಷಿನಲ್ಲಿ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಕನ್ನಡ ಸಾಲೆ ಕಲಿತ ಹಿರಿಯರು 'ಸಹಿ ಎಲ್ಲಿ ಮಾಡ್ಲಿ' ಎಂದಷ್ಟೇ ಕೇಳಿ ಬರುವುದುಂಟು. ಹಾಗೆ ಸಹಿ ಮಾಡಿದ ಕಾಗದದಲ್ಲೇ 'ತಳಘರವನ್ನು ವಾಸಕ್ಕೆ ಉಪಯೋಗಿಸುವುದಿಲ್ಲ' ಎಂಬ ಹಮೀಪತ್ರವೂ ಇರಬಹುದು. ತಾನು ಏನು ಬರೆದುಕೊಟ್ಟೆ ಎಂಬುದೇ ಮಾಲೀಕನಿಗೆ ಗೊತ್ತಿಲ್ಲದಿದ್ದರೆ ಪಾಲಿಸುವುದು ಹೇಗೆ?

ಕೆಲವು ಶಬ್ದಗಳನ್ನಾದರೂ ಗುರುತಿಟ್ಟುಕೊಳ್ಳಬೇಕು. 'ಬಾಂಧಕಾಮ ಪರವಾನಗಿ' ಎಂದರೆ ಕಟ್ಟಲು ಅನುಮತಿ. 'ಜೋತೆ ತಪಾಸಣಿ' ಎಂದರೆ ಪಾಯ ಮುಗಿದು ಜೋತೆ ಮಟ್ಟಕ್ಕೆ ಬಂದಾಗ ಆಗುವ ತಪಾಸಣೆ. ತಳಘರ ಇದೆಯೋ ಇಲ್ಲವೋ ಕಣ್ಣಾರೆ ಕಾಣುವುದು ಈ ಹಂತದಲ್ಲೇ. 'ಭೋಗವಟಾ ಪ್ರಮಾಣಪತ್ರ' ಎಂದರೆ ಇರಲು ಅನುಮತಿ. 'ಮಿಳಕತ ಪತ್ರಿಕಾ' ಎಂದರೆ ಪ್ರಾಪರ್ಟಿ ಕಾರ್ಡು. 'ಮೋಜಣಿ ನಕಾಶಾ' ಎಂದರೆ ಭೂಮಾಪನದವರು ಅಳೆದ ನಕಾಶೆ. 'ಗುಂಠೇವಾರಿ' ಎಂದರೆ ಮಂಜೂರಾತಿ ಇಲ್ಲದೆ ಹೊಲವನ್ನು ಗುಂಟೆ ಗುಂಟೆ ಮಾಡಿ ಮಾರಿದ ಪ್ಲಾಟು. 1992ರಲ್ಲಿ ನಗರಕ್ಕೆ ಸೇರಿದ ಹದ್ದವಾಢ ಭಾಗದಲ್ಲಿ ಪ್ಲಾಟು ಕೊಂಡವರು ಇದನ್ನು ಮೊದಲು ನೋಡಬೇಕು. ಪ್ಲಾಟೇ ಸಕ್ರಮ ಇಲ್ಲದಿದ್ದರೆ ತಳಘರದ ಮಾತು ಆಮೇಲಿನದು. ಗುಂಠೇವಾರಿ ಸಕ್ರಮಕ್ಕೆ 2001ರ ಕಾಯ್ದೆ ಇದೆ. 2021ರ ತಿದ್ದುಪಡಿಯಿಂದ 2020ರ ಡಿಸೆಂಬರ್ 31ರ ತನಕದವು ಅದರ ವ್ಯಾಪ್ತಿಗೆ ಬಂದಿವೆ.

ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲಿ ಅರ್ಜಿ ಬರೆದರೆ ತಪ್ಪಲ್ಲ.

ಈಗಾಗಲೇ ಮಾಡಿಕೊಂಡವರು?

ಹೆದರಿ ಕೂಡ್ರುವುದರಿಂದ ಲಾಭ ಇಲ್ಲ. ಮೊದಲು ಮಂಜೂರಾದ ನಕಾಶೆಯ ದೃಢೀಕೃತ ಪ್ರತಿ ತೆಗೆಸಿಕೊಳ್ಳಬೇಕು. ಕೈಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದಲ್ಲಿ ಉತ್ತರ ಬರಬೇಕು. ನಕಾಶೆಯಲ್ಲಿ ತಳಘರ ಇದ್ದು ಉಪಯೋಗ ಮಾತ್ರ ಬದಲಾಗಿದ್ದರೆ, ಜನರನ್ನು ಮೇಲೆ ಕರೆದುಕೊಂಡು ಮೊದಲಿನ ಉಪಯೋಗಕ್ಕೆ ತಿರುಗಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ನಕಾಶೆಯಲ್ಲೇ ಇಲ್ಲದಿದ್ದರೆ ಪರವಾನಾ ಇರುವ ಇಂಜಿನಿಯರರಿಂದ ಅಳತೆ ಮಾಡಿಸಿ ಸುಧಾರಿತ ನಕಾಶೆಗೆ ಅರ್ಜಿ ಹಾಕಬೇಕು. ನೋಟೀಸು ಬಂದಿದ್ದರೆ ಅದರಲ್ಲಿ ಹೇಳಿದ ಅವಧಿಯೊಳಗೆ, ಇದ್ದ ಬಾಂಧಕಾಮ ಉಳಿಸಿಕೊಳ್ಳಲು ಅರ್ಜಿ ಹಾಕುವ ಅವಕಾಶ 53ನೇ ಕಲಮಿನಲ್ಲೇ ಇದೆ. ಅರ್ಜಿ ಹಾಕಿದರೆ ಮಂಜೂರಾಗಿಯೇ ತೀರುತ್ತದೆ ಎಂದಲ್ಲ. ಅಳತೆ, ಗಾಳಿ, ದಾರಿ ನಿಯಮಕ್ಕೆ ಕೂಡಬೇಕು.

ಹೊಸದಾಗಿ ಕಟ್ಟುವವರು ಇನ್ನೊಂದು ನೆನಪಿಡಬೇಕು. ಪರವಾನಗಿ ಕಾಯಮ್ ಅಲ್ಲ. ಒಂದು ವರ್ಷದೊಳಗೆ ಕೆಲಸ ಸುರು ಮಾಡಬೇಕು, ಇಲ್ಲವೇ ನವೀಕರಿಸಬೇಕು.

ಹೊಣೆ ಒಬ್ಬರದಲ್ಲ

ಮಾಲೀಕನೊಬ್ಬನನ್ನೇ ದೂರುವುದು ಸರಿಯಲ್ಲ. ಜೋತೆ ಹಂತದಲ್ಲಿ ಅಧಿಕಾರಿ ಜಾಗಕ್ಕೆ ಬಂದು ನೋಡಿದರೆ ನಕಾಶೆ ಬಿಟ್ಟು ತೋಡಿದ ತಳಘರ ಅಂದೇ ಸಿಕ್ಕೀತು. ಅಂದು ನಿಲ್ಲಿಸಿದರೆ ಬಡವನ ದುಡ್ಡೂ ಉಳಿದೀತು. ಹತ್ತು ವರ್ಷ ಸುಮ್ಮನಿದ್ದು, ಎಲ್ಲೋ ಅನಾಹುತ ಆದ ಮೇಲೆ ಸರ್ವೆ ಮಾಡಿ ನೋಟೀಸು ಹಂಚುವುದು ನಡೆದುಬಂದ ಪದ್ಧತಿ. ದಿಲ್ಲಿಯಲ್ಲೂ ತಳಘರಗಳಿಗೆ ಸಾಲುಸಾಲಾಗಿ ಸೀಲು ಬಿದ್ದದ್ದು ಮೂವರು ಸತ್ತ ಮೇಲೆಯೇ. ಮಹಾನಗರಪಾಲಿಕೆಯ ವಿಭಾಗ ಕಚೇರಿಗಳಲ್ಲಿ, ಅಕ್ಕಲಕೋಟ ನಗರ ಪರಿಷತ್ತಿನಲ್ಲಿ ತಳಘರದ ನಿಯಮಗಳನ್ನು ಮರಾಠಿಯ ಜೊತೆಗೆ ಕನ್ನಡ, ತೆಲುಗು, ಉರ್ದುವಿನಲ್ಲಿ ಒಂದೊಂದು ಫಲಕ ಬರೆಸಿ ಹಚ್ಚಿದರೆ ಖರ್ಚು ಎಷ್ಟಾದೀತು? ಪಟ್ಟಿ ಹತ್ತು ಸಾಲಿನದು.

ತಳಘರ ಬೇಡ ಎಂದು ಯಾರೂ ಹೇಳುತ್ತಿಲ್ಲ. ನಕಾಶೆಯಲ್ಲಿ ತೋರಿಸಿ, ಅಳತೆ ಪ್ರಕಾರ ಕಟ್ಟಿ, ಹೇಳಿದ ಕೆಲಸಕ್ಕೇ ಬಳಸಿದರೆ ಅದು ಮನೆಯ ಆಸ್ತಿ. ಈ ಬೇಸಿಗೆಯಲ್ಲಿ ಅಜ್ಜಿಯನ್ನು, ಓದುವ ಮಕ್ಕಳನ್ನು ತಂಪಿಗೆಂದು ಕೆಳಗೆ ಇಳಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ಗಾಳಿ ಎಲ್ಲಿಂದ ಬರುತ್ತದೆ, ನೀರು ಬಂದರೆ ಎಲ್ಲಿಗೆ ಹೋಗುತ್ತದೆ, ಬಾಗಿಲ ಬಳಿ ಬೆಂಕಿ ಬಿದ್ದರೆ ಎರಡನೇ ದಾರಿ ಯಾವುದು? ಮೂರಕ್ಕೂ ಉತ್ತರ ಇಲ್ಲದಿದ್ದರೆ ಅಲ್ಲಿ ಸಾಮಾನು ಮಾತ್ರ ಇರಲಿ.